ತೂತು ಗೂಡು

ಶಿಡ್ಲಘಟ್ಟ. ರಾತ್ರಿ ಹತ್ತೂವರೆ. ಒಲೆ ಆರಿಸಿ
ಅಬ್ಬಾ ಕೈ ತೊಳೆಯುತ್ತಿದ್ದಾರೆ, ಇನ್ನೂ ತೊಳೆಯುತ್ತಿದ್ದಾರೆ.
ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನಾನು
ನಗರಸಭೆಗೆ ನಮ್ಮ ನಿಲುವು ಬರೆಯಬೇಕು, ಸೋಮವಾರದೊಳಗೆ:
ರೇಷ್ಮೆ ಬಿಚ್ಚುವ ಘಟಕಗಳನ್ನು ಊರಾಚೆ ಹಾಕಕೂಡದು.

ಸಂಘದವರು ಬಂದು ಹೇಳಿಹೋದರು:
ನೀನು ಬಿ.ಎ. ಓದಿದವಳು, ತಸ್ಕೀನ್,
ಖಾರವಾಗಿ ಬರಿ, ಆದರೆ ಕಾನೂನಾಗಿ ಬರಿ.
ಹಾಗೆಂದರೇನೆಂದು ಅವರಿಗೂ ಗೊತ್ತಿಲ್ಲ, ನನಗೂ.
ಟೀ ಕುಡಿದರು. ಒಂದು ಲೋಟ ಒಡೆಯಿತು.

ಮೊದಲ ಸಾಲು: ಮಾನ್ಯರೇ, ಈ ಊರಿಗೆ ಅನ್ನ ಹಾಕಿದ್ದು ನಾವು.
ಹೊಡೆದುಹಾಕಿದೆ.
ಅನ್ನ ಹಾಕಿದೆವೆನ್ನುವವರ ಮಾತನ್ನು
ಉಂಡವರು ಯಾರೂ ಪೂರ್ತಿ ಕೇಳುವುದಿಲ್ಲ.

ಆಮೇಲೆ ಅಂಕಿ. ನಮ್ಮ ಓಣಿಯಲ್ಲಿ ಹನ್ನೊಂದು ಘಟಕ,
ಮೂವತ್ತೆಂಟು ಆಳು, ಇಪ್ಪತ್ತಾರು ಹೆಂಗಸರು,
ನಡೆದೇ ಬರುವವರು, ಮಧ್ಯಾಹ್ನ ಓಡಿಹೋಗಿ
ಕೂಸಿಗೆ ಹಾಲು ಕೊಟ್ಟು ಮತ್ತೆ ಓಡಿಬರುವವರು.
ಮೂರು ಮೈಲಿ ಆಚೆಗಾದರೆ ಅರ್ಧ ಕೂಲಿ ಆಟೋದವನಿಗೆ.
ಇದು ಗಟ್ಟಿ. ಇದನ್ನು ಉಳಿಸಿದೆ.

ಅಬ್ಬಾ ನನಗೆ ಕಲಿಸಿದ್ದು ಒಂದೇ ವಿದ್ಯೆ:
ಕುದಿನೀರಲ್ಲಿ ಗೂಡು ಅದ್ದು, ಕಡ್ಡಿಯಲ್ಲಿ ತಡವು,
ತುದಿ ಹುಡುಕು. ತುದಿ ಸಿಕ್ಕಿತೋ
ಸಾವಿರ ಗಜ ತಾನಾಗಿ ಬರುತ್ತದೆ.
ವಾದವೂ ಹಾಗೇ ಅಂದುಕೊಂಡಿದ್ದೆ. ಬರಲಿಲ್ಲ.
ಗಂಟು, ಗಂಟು, ಮತ್ತೆ ಗಂಟು.

ಯಾಕೆಂದರೆ, ಕಾಲೇಜಿನಲ್ಲಿ ಹೇಳಿಕೊಟ್ಟ ಪ್ರಕಾರ,
ಮೂರನೇ ಭಾಗದಲ್ಲಿ ಎದುರಾಳಿಯ ಮಾತು ಬರಬೇಕು.
ಎದುರಾಳಿ ಎಂದರೆ ಗೋಡೆಯಾಚೆಯ ಶಾಲೆಯ ಅಶ್ವತ್ಥಮ್ಮ ಟೀಚರ್,
ನನಗೆ ಒತ್ತಕ್ಷರ ತಿದ್ದಿಸಿದವರು.
ಅವರ ಅರ್ಜಿಯ ಪ್ರತಿ ನನ್ನ ಹತ್ತಿರ ಇದೆ, ಎರಡೇ ಪುಟ,
ಒಂದು ಕಾಗುಣಿತ ತಪ್ಪಿಲ್ಲ, ಒಂದು ಬೈಗುಳವಿಲ್ಲ:

ಬೆಂದ ಹುಳುವಿನ ವಾಸನೆಗೆ ಮಕ್ಕಳು ಬುತ್ತಿ ಬಿಚ್ಚುವುದಿಲ್ಲ.
ಮೂರನೇ ತರಗತಿಯ ಕಿಟಕಿಗಳಿಗೆ ಮೊಳೆ ಹೊಡೆಸಿದ್ದೇನೆ.
ಚರಂಡಿ ಕಟ್ಟಿದ ದಿನ ರಜೆ ಕೊಡುತ್ತೇನೆ.
ಯಾರ ಕೆಲಸವೂ ಹೋಗಬಾರದು. ಆದರೆ

ಆ ಆದರೆಯ ಮುಂದೆ ನನ್ನ ಪೆನ್ನು ನಿಂತಿತು.
ನಮ್ಮ ಮನೆಯ ವಾಸನೆ ನಮಗೆ ಬರುವುದಿಲ್ಲ.
ಅದು ನಿಜ. ಪುರಾವೆಯಲ್ಲ.

ಟೀಚರ ಅಳಿಯನಿಗೆ ಸೈಟು ವ್ಯಾಪಾರ, ಅದನ್ನು ಹಾಕು
ಎಂದಿದ್ದರು ಸಂಘದ ದಸ್ತಗೀರ್ ಚಾಚಾ.
ಹಾಕಿದೆ. ಓದಿದೆ. ಹಾಳೆ ಹರಿದೆ.

ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ
ಎಳೆಯೆಲ್ಲ ತುಂಡು. ತೂತು ಗೂಡು.
ಮಾರ್ಕೆಟ್ಟಿನಲ್ಲಿ ಅದನ್ನು ಕೇಳುವವರಿಲ್ಲ.
ಅದಕ್ಕೇ ಮೊದಲೇ ಬೇಯಿಸಿಬಿಡುವುದು.
ಸಂಘಕ್ಕೆ ಬೇಕಾದದ್ದೂ ಅಂಥ ಬರಹವೇ,
ಒಳಗಿನ ಅನುಮಾನಕ್ಕೆ ರೆಕ್ಕೆ ಬಲಿಯುವ ಮೊದಲೇ
ಬೆಂದು ನುಣುಪಾದದ್ದು.

ಹನ್ನೆರಡಕ್ಕೆ ಅಬ್ಬಾನಿಗೆ ಓದಿ ಹೇಳಿದೆ.
ನಮ್ಮ ಭಾಗಕ್ಕೆ ಹೂಂಗುಟ್ಟಿದರು.
ಟೀಚರ ಭಾಗಕ್ಕೆ ಬೀಡಿ ಕೈಯಲ್ಲೇ ಆರಿತು.
ಇದು ಚೆನ್ನಾಗಿದೆ. ಇದೂ ನೀನೇ ಬರೆದೆಯಾ?
ಅದು ಅವರದು, ಅಬ್ಬಾ.
ಇರಲಿ. ತೆಗೀಬೇಡ.
ಆಮೇಲೆ ಎಷ್ಟೋ ಹೊತ್ತಿಗೆ:
ಆ ಕಿಟಕಿ ನಮ್ಮ ಹೊಗೆಕೊಳವೆ ಕಡೆಯದ್ದೇನು?

ಕೊನೆಯ ಪುಟ ಹೀಗಾಯಿತು: ಘಟಕ ಇಲ್ಲೇ ಇರಲಿ.
ಚರಂಡಿಗೆ ಕಲ್ಲು ಹಾಸಿ. ಹುಳುವನ್ನು ನಾವು
ಪ್ರಾರ್ಥನೆ ಗಂಟೆಗೆ ಮೊದಲೇ ಸಾಗಿಸುತ್ತೇವೆ.
ಅದು ನಮ್ಮ ಕೈಲಾಗದಿದ್ದರೆ ಟೀಚರ ಮಾತು ಸರಿ.
ಈ ಕೊನೆಯ ಸಾಲನ್ನು ಸಂಘದವರು ಹೊಡೆದುಹಾಕುತ್ತಾರೆ, ಗೊತ್ತು.
ಗೊತ್ತಿದ್ದೇ ದಪ್ಪಗೆ ಬರೆದೆ.

ಅಬ್ಬಾ ಹೆಬ್ಬೆಟ್ಟು ಚಾಚಿದರು.
ನಲವತ್ತು ವರ್ಷ ಕುದಿನೀರಲ್ಲಿ ನೆಂದ ಬೆರಳು,
ರೇಷನ್ ಅಂಗಡಿಯ ಯಂತ್ರ ಒಪ್ಪದ ಬೆರಳು.
ಹಾಳೆಯ ಮೇಲೆ ಬಿದ್ದದ್ದು ಒಂದೂ ಗೆರೆಯಿಲ್ಲದ
ನೀಲಿ ಮಚ್ಚೆ, ಗೂಡಿನ ಗಾತ್ರದ್ದು.
ಇದನ್ನು ಯಾವ ಭಾಗಕ್ಕೆ ಪುರಾವೆಯಾಗಿ ಬರೆಯಲಿ,
ನಮ್ಮದಕ್ಕೋ, ಅವರದಕ್ಕೋ?

ಸರಿ ಬರಲಿಲ್ಲವೇನೋ ಎಂದು
ಅವರು ಪಕ್ಕದಲ್ಲಿ ಇನ್ನೊಂದು ಒತ್ತುತ್ತಿದ್ದರು.